ಒಂದು ತೋಟಕ್ಕೆ ಎರಡು ವೀಳ್ಯ

ನಮ್ಮ ಯಜಮಾನರು ಅಡವಿಯಪ್ಪನವರಿಗೆ ತಮ್ಮ ವಸ್ತುವನ್ನು ಹೊಗಳಿ ಮಾರುವುದು ಬರುವುದಿಲ್ಲ. ತುಮಕೂರಿನ ಶಿರಾ ಗೇಟಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಕಾಲದಲ್ಲೂ ಅಷ್ಟೆ. ಗಿರಾಕಿ ಕೇಳಿದ ಬೀಗವನ್ನು ಕೈಗೆ ಕೊಟ್ಟು, "ಇದು ಮಳೆಗೆ ತುಕ್ಕು ಹಿಡಿಯುತ್ತೆ, ಒಳಬಾಗಿಲಿಗೆ ಹಾಕ್ಕೊಳ್ಳಿ" ಎಂದು ಮೊದಲೇ ಹೇಳಿಬಿಡುತ್ತಿದ್ದರು. ಆದರೂ ಅಂಗಡಿ ನಡೆಯಿತು. ಅವರು ಊಟಕ್ಕೆ ಹೋದಾಗ ಗಲ್ಲಾದ ಮೇಲೆ ನಾನು ಕೂರುತ್ತಿದ್ದೆ. ನಾನು ಯಾರಿಗೆ ಏನು ಹೇಳಿದರೂ ಅವರು ನಡೆಸಿಕೊಡುತ್ತಿದ್ದರು. ಉಳಿದ ಪೇಂಟು ವಾಪಸ್ ತಗೊಳ್ತೀವಿ ಅಂತ ನಾನೊಮ್ಮೆ ಯಾರೋ ಹೊಸ ಮನೆಯವರಿಗೆ ಹೇಳಿದ್ದೆ. ಅವರು ತಂದ, ಮುಚ್ಚಳ ತೆಗೆದು ಅರ್ಧ ಗಟ್ಟಿಯಾಗಿದ್ದ ಡಬ್ಬವನ್ನು ಯಜಮಾನರು ಒಂದು ಮಾತೂ ಆಡದೆ ತೆಗೆದುಕೊಂಡು, ಆ ಬೇಸಿಗೆಯಲ್ಲಿ ನಮ್ಮ ಹಿತ್ತಲ ಬಾಗಿಲಿಗೆ ಬಳಿದರು. ಒಬ್ಬರು ಕೊಟ್ಟ ಮಾತು ಇಬ್ಬರದೂ. ಮಾತು ಕೊಡುವ ಮೊದಲು ಒಬ್ಬರನ್ನೊಬ್ಬರು ಕೇಳುವ ಅಭ್ಯಾಸವೇ ನಮಗೆ ಆಗಲಿಲ್ಲ. ಅದರಿಂದಲೇ ಈ ಸಲ ಎಡವಟ್ಟಾಯಿತು.

ಅಂಗಡಿ ಬಿಟ್ಟುಕೊಟ್ಟ ಮೇಲೆ ನಾವು ಗುಬ್ಬಿಯಿಂದ ನಿಟ್ಟೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ನಾಲ್ಕೆಕರೆ ತೋಟ ಕೊಂಡೆವು. ತೆಂಗು, ನಡುವೆ ಬಾಳೆ, ಬೇಲಿಗುಂಟ ನಿಂಬೆ, ಕೆಳಗಿನ ತುಂಡಿನಲ್ಲಿ ರಾಗಿ. ಸರ್ಕಾರಿ ಗೊಬ್ಬರ, ಔಷಧಿ ಎರಡನ್ನೂ ಅವರು ಗೇಟಿನೊಳಗೆ ಬಿಡಲಿಲ್ಲ. ಸಗಣಿ, ಗಂಜಲ, ಬೆಲ್ಲ, ಹುರುಳಿ ಹಿಟ್ಟು ಕಲಸಿದ ಡ್ರಮ್ಮು, ಎರೆಹುಳದ ತೊಟ್ಟಿ, ಇವೇ ಅವರ ಪ್ರಪಂಚ. ಮನೆ ಮಾತ್ರ ತುಮಕೂರಿನಲ್ಲೇ. ಮಗಳು ಅಕ್ಷತಾ ಅದೇ ಬೀದಿಯಲ್ಲಿದ್ದಾಳೆ, ಬ್ಯಾಂಕಿನ ಕೆಲಸ. ನಾವಿಬ್ಬರೂ ಬೆಳಿಗ್ಗೆ ಕಾರಿನಲ್ಲಿ ಹೋಗಿ, ಸಂಜೆ ಹೊತ್ತಿಗೆ ಬರುತ್ತಿದ್ದೆವು.

ಅಲ್ಲಿ ಸಮಾರಂಭ ಮಾಡಿಸಬೇಕೆಂದು ನಾವು ಅಂದುಕೊಂಡವರಲ್ಲ. ಮೈದುನನ ಮೊಮ್ಮಗುವಿನ ನಾಮಕರಣಕ್ಕೆ ಛತ್ರ ಸಿಗಲಿಲ್ಲವೆಂದು ತೆಂಗಿನ ಗರಿಯ ಚಪ್ಪರ ಹಾಕಿ ತೋಟದಲ್ಲೇ ಮಾಡಿದೆವು. ಬಂದವರಲ್ಲಿ ಇಬ್ಬರು ತಮ್ಮ ಮನೆಯ ಸೀಮಂತಕ್ಕೆ ಕೇಳಿದರು, ಸೀಮಂತಕ್ಕೆ ಬಂದವರು ನಿಶ್ಚಿತಾರ್ಥಕ್ಕೆ ಕೇಳಿದರು. ಚಪ್ಪರ ನಿಂತೇ ಬಿಟ್ಟಿತು. ಡಿಜೆ ಇಲ್ಲ, ಪ್ಲಾಸ್ಟಿಕ್ ಲೋಟ ಇಲ್ಲ, ಊಟ ಬಾಳೆಲೆಯಲ್ಲೇ. ಉಂಡ ಎಲೆಗಳೆಲ್ಲ ಗೊಬ್ಬರದ ಗುಂಡಿಗೆ. ಮದುವೆ ಮನೆಯ ಎಲೆ ಬಿದ್ದ ವಾರ ನಮ್ಮ ಹುಳುಗಳಿಗೂ ಹಬ್ಬ ಎಂದು ಯಜಮಾನರು ನಗುತ್ತಿದ್ದರು.

ಹೋದ ವರ್ಷ ಕಣ್ಣಿನ ಡಾಕ್ಟರು ಅವರಿಗೆ ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದರು. ಎದುರಿಗಿದ್ದದ್ದು ಕಾಣುತ್ತದೆ, ಪಕ್ಕದಲ್ಲಿ ಬರುವುದು ಕಾಣುವುದಿಲ್ಲ. ಡ್ರೈವರನ್ನು ಇಟ್ಟೆವು, ಆತ ನಿಲ್ಲಲಿಲ್ಲ. ಅಕ್ಷತಾ ಭಾನುವಾರ ಮಾತ್ರ ಬರಬಲ್ಲಳು. ವಾರಕ್ಕೊಮ್ಮೆ ನೋಡುವ ತೋಟ ಮುನಿಸಿಕೊಳ್ಳುತ್ತದೆ. ಕೊಡೋಣ ಎಂದು ಅವರೇ ಹೇಳಿದರು. ಹೇಳಿದ ಮೇಲೆ ಮಜ್ಜಿಗೆ ಎರಡು ಲೋಟ ಕುಡಿದರು. ಮನಸ್ಸಿಗೆ ನೋವಾದಾಗ ಅವರು ಹಾಗೆ ಮಾಡುತ್ತಾರೆ.

ದಲ್ಲಾಳಿ ಅಶ್ವಥ್ ನಮ್ಮ ಅಂಗಡಿಯಲ್ಲೇ ಮೊಳೆ ಕೊಂಡು ಬೆಳೆದ ಹುಡುಗ. ಈಗ ಶಿರಾ ಗೇಟಿನಲ್ಲೇ ಆಫೀಸು ಇಟ್ಟಿದ್ದಾನೆ. ಅವನು ಜನರನ್ನು ಕರೆತರುವುದು, ನಮ್ಮವರು ಅವರನ್ನು ಓಡಿಸುವುದು, ಇದೇ ಆಯಿತು. ಏಪ್ರಿಲ್‌ನಲ್ಲಿ ಬೋರ್‌ವೆಲ್ ನೀರಿಗಿಂತ ಉಸಿರೇ ಹೆಚ್ಚು ಬಿಡುತ್ತೆ ಎಂದರು. ರಾಗಿ ತೆನೆ ನವಿಲಿಗೇ ಹೆಚ್ಚು, ರಾತ್ರಿ ಹಂದಿ ಬರುತ್ತೆ ಎಂದರು. ಮುಹೂರ್ತದ ಹೊತ್ತಿಗೆ ಸರಿಯಾಗಿ ಆ ಕಡೆ ರೈಲು ಕೂಗುತ್ತೆ, ಪುರೋಹಿತರ ಮಂತ್ರ ಕೇಳಿಸಲ್ಲ ಎಂದರು.

"ಅಂಕಲ್, ಹೆಣ್ಣು ಕೊಡೋಕೆ ಇಷ್ಟ ಇಲ್ದಿರೋ ಅಪ್ಪ ಮಾತಾಡ್ದಂಗೆ ಮಾತಾಡ್ತೀರಲ್ಲ!" ಎಂದು ಅಶ್ವಥ್ ತಲೆ ಚಚ್ಚಿಕೊಂಡ. "ನೀವು ಬಾಯಿಗೆ ಎಲೆ ಅಡಿಕೆ ಹಾಕ್ಕೊಂಡು ಸುಮ್ನೆ ಕೂತ್ಕೊಳಿ. ಮಾರೋದು ನನಗೆ ಬುಡಿ."

"ಆಮೇಲೆ ತಗೊಂಡೋರು ಬಂದು ಕೇಳಿದ್ರೆ?"

"ಕೇಳಿದ್ರೆ ನನ್ನ ಕೇಳ್ತಾರೆ!"

"ಅದೇ ಕಣೋ ತಪ್ಪು" ಎಂದರು ಇವರು.

ಈ ದೋಷಗಳನ್ನೆಲ್ಲ ಕೇಳಿಯೂ ಓಡದೆ ನಿಂತವರು ಒಬ್ಬರೇ. ಕುಣಿಗಲ್ ಕಡೆಯ ದೊಡ್ಡರಂಗಯ್ಯನವರು. ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು. ಮಗಳನ್ನು ಗುಬ್ಬಿಗೇ ಕೊಟ್ಟಿದ್ದಾರೆ, ಅವಳ ಹತ್ತಿರ ಒಂದು ತುಂಡು ನೆಲ ಬೇಕು. ಇವರು ರೈಲಿನ ವಿಷಯ ಹೇಳಿದಾಗ ಅವರು, "ಅಷ್ಟು ವರ್ಷ ಡ್ರೈವರ್ ಹಾರನ್ ಕೇಳಿದೀನಿ ಸ್ವಾಮಿ, ರೈಲು ನನಗೆ ಜೋಗುಳ" ಎಂದಿದ್ದರು. ಯೋಚನೆ ಮಾಡಿ ಹೇಳುತ್ತೇನೆಂದು ಹೋದರು.

ಆ ಎಡವಟ್ಟು ಆದದ್ದು ಗುಬ್ಬಿಯ ಸಂತೆಯ ದಿನ. ಹಿಂದಿನ ದಿನ ತೋಟದಲ್ಲಿ ಒಂದು ಸೀಮಂತ ಮುಗಿದಿತ್ತು. ಪಾತ್ರೆ ತೊಳೆದು ತರಲು ಅಡುಗೆಯ ಇಂಪನಾ ತನ್ನ ಟೆಂಪೋದಲ್ಲಿ ಹೊರಟಾಗ ನಾವೂ ಹತ್ತಿಕೊಂಡೆವು. ಯಜಮಾನರು ಗುಬ್ಬಿಯಲ್ಲಿ ಇಳಿದು ಸಂತೆಗೆ ಹೋದರು. ನಾನು ಅವಳೊಂದಿಗೆ ತೋಟಕ್ಕೆ ಹೋದೆ.

ಇಂಪನಾ ಮತ್ತು ಅವಳ ಗಂಡ ಲಕ್ಷ್ಮೀಕಾಂತ್ ತುಮಕೂರಿನ ಪಕ್ಕದ ಸತ್ಯಮಂಗಲದ ಒಂದು ಫ್ಯಾಕ್ಟರಿಯಲ್ಲಿ ಕ್ಯಾಂಟೀನ್ ನಡೆಸುತ್ತಾರೆ. ನಮ್ಮ ತೋಟದ ಊಟವೆಲ್ಲ ಅವರದೇ. ನಾನು ಅವಳನ್ನು ಮೆಚ್ಚಿದ್ದು ಅವಳ ಹೋಳಿಗೆಗಲ್ಲ, ಹೋಳಿಗೆ ನನ್ನದೇ ವಾಸಿ. ಪಂಕ್ತಿ ಕೂರುವ ಮೊದಲು ಅವಳು ಒಂದು ಸುತ್ತು ಬರುತ್ತಾಳೆ. ಹಲ್ಲಿಲ್ಲದ ಹಿರಿಯರು ಎಲ್ಲಿ ಕೂತಿದ್ದಾರೆಂದು ನೋಡಿಕೊಂಡು ಹೋಗಿ, ಅವರಿಗೆಂದೇ ಮೆತ್ತಗೆ ಸಣ್ಣ ಮುದ್ದೆ ಕಟ್ಟಿ ತರುತ್ತಾಳೆ. ಕೇಳಿದರೆ, "ಮುದ್ದೆ ಸ್ವಲ್ಪ ನೀರಾಗೋಯ್ತು ಅಜ್ಜಿ, ನೀವೇ ಅಡ್ಜಸ್ಟ್ ಮಾಡ್ಕೋಬೇಕು" ಎಂದು ತನ್ನದೇ ತಪ್ಪು ಎಂಬಂತೆ ಹೇಳುತ್ತಾಳೆ.

ಅವತ್ತು ಕೊಪ್ಪರಿಗೆ ಮಗುಚಿ ಹಾಕಿ ಬಂದು ನನ್ನ ಪಕ್ಕ ಕಲ್ಲುಬೆಂಚಿನ ಮೇಲೆ ಕೂತಳು.

"ಅಮ್ಮಾ, ಒಂದ್ ಮಾತು. ಕ್ಯಾಂಟೀನ್ ಕಾಂಟ್ರ್ಯಾಕ್ಟು ಇನ್ನೊಂದ್ ತಿಂಗಳಾದ್ರೆ ಮುಗೀತು. ಬೇರೆಯವ್ರಿಗೆ ಕೊಡ್ತಾವ್ರಂತೆ. ಈ ತೋಟ ನಮಗೆ ಕೊಡ್ತೀರಾ? ಬ್ಯಾಂಕ್ನೋರು ಲೋನ್‌ಗೆ ಹೂಂ ಅಂದವ್ರೆ. ಚಪ್ಪರ ಹಂಗೇ ಇರ್ತದೆ. ಗುಂಡಿನೂ ಹಂಗೇ ಇರ್ತದೆ."

"ಇದರ ಕಷ್ಟ ಎಲ್ಲ ಗೊತ್ತಲ್ಲವೇನೇ?"

"ಏಪ್ರಿಲ್ಲಲ್ಲಿ ಆ ಬೋರ್‌ವೆಲ್ ನೀರಲ್ಲಿ ಕೊಪ್ಪರಿಗೆ ತೊಳ್ದಿರೋಳು ನಾನು. ನನಗ್ಯಾಕೆ ಹೇಳ್ತೀರಾ!"

ನಾನು ನಕ್ಕುಬಿಟ್ಟೆ. ಆಗಲಿ ಎಂದೆ. ಅವಳು ತಕ್ಷಣ ಎದ್ದು, ಕೈ ತೊಳೆದು, ಸೀಮಂತದಲ್ಲಿ ಉಳಿದ ವೀಳ್ಯದೆಲೆಗಳಲ್ಲಿ ಚೆನ್ನಾಗಿರುವುದನ್ನು ಆರಿಸಿ, ಅಡಿಕೆ ಇಟ್ಟು, ತಟ್ಟೆಯಲ್ಲಿ ನನ್ನ ಮುಂದೆ ಹಿಡಿದಳು. ನಾನು ಸೆರಗಿನಲ್ಲಿ ತೆಗೆದುಕೊಂಡೆ. ನಮ್ಮ ಕಡೆ ವೀಳ್ಯ ತೆಗೆದುಕೊಂಡರೆ ಮಾತು ಕೊಟ್ಟ ಹಾಗೆ. ಕಾಗದ, ರಿಜಿಸ್ಟ್ರಿ ಎಲ್ಲ ಆಮೇಲಿನ ಮಾತು. ಅವಳು ನನ್ನನ್ನು ಟೆಂಪೋದಲ್ಲಿ ಮನೆ ಬಾಗಿಲಿಗೇ ಬಿಟ್ಟಳು. ದಾರಿಯುದ್ದಕ್ಕೂ ಯಾವುದೋ ಹಾಡು ಗುನುಗುತ್ತಿದ್ದಳು.

ಸಂಜೆ ಯಜಮಾನರು ಬಸ್ಸಿನಲ್ಲಿ ಬಂದರು. ಚೀಲದಿಂದ ಸೊಪ್ಪು, ಹುಣಸೆಹಣ್ಣು ತೆಗೆದರು. ಆಮೇಲೆ ಅಂಗಿಯ ಜೇಬಿನಿಂದ ಕರವಸ್ತ್ರ ತೆಗೆದು, ಬಿಚ್ಚಿ, ದೇವರ ಮುಂದಿದ್ದ ತಟ್ಟೆಯಲ್ಲಿ ಎಲೆ ಅಡಿಕೆ ಇಡಲು ಹೋದರು. ಅಲ್ಲಿ ಆಗಲೇ ನನ್ನದು ಇತ್ತು.

"ಇದೇನೇ?"

"ಅದೇನ್ರೀ?"

"ದೊಡ್ಡರಂಗಯ್ಯ ಸಂತೇಲಿ ಸಿಕ್ಕಿದ್ರು. ಬೆಳಿಗ್ಗೆನೇ ವೀಳ್ಯ ಕೊಟ್ರು, ತಗೊಂಡೆ. ಇದು?"

"ಇಂಪನಾ ಕೊಟ್ಟಳು. ಮಧ್ಯಾಹ್ನ."

ಇಬ್ಬರೂ ತಟ್ಟೆಯನ್ನೇ ನೋಡುತ್ತಾ ನಿಂತೆವು. ಅವರ ಎಲೆ ಸಂತೆಯದು, ದೊಡ್ಡದು, ಬಾಡಿತ್ತು. ನನ್ನದು ಚಿಕ್ಕದು, ಇನ್ನೂ ಹಸಿರಾಗಿತ್ತು.

ಜಗಳವಾಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು. ನಿನ್ನ ಮಾತೇ ನಡೆಯಲಿ ಎಂದು ಅವರು, ನಿಮ್ಮದೇ ಮೊದಲಿನದು ಎಂದು ನಾನು. ಅಷ್ಟು ಹೇಳಿ ನಾನು ಒಲೆ ಹಚ್ಚಲು ಹೋದೆ. ಊಟದ ಹೊತ್ತಿಗೆ ಅವರು ಮಜ್ಜಿಗೆಯ ಎರಡನೇ ಲೋಟಕ್ಕೆ ಕೈ ಚಾಚಿದ್ದನ್ನು ಕಂಡು ನನಗೆ ತಡೆಯಲಾಗಲಿಲ್ಲ. ದೊಡ್ಡರಂಗಯ್ಯನವರು ಹೊರಗಿನವರು, ಅವರ ಮುಂದೆ ಇವರ ಮಾತು ಹೋಗಬಾರದು. ಇಂಪನಾ ಮನೆಯವಳ ಹಾಗೆ, ಅವಳು ತಡೆದುಕೊಳ್ಳುತ್ತಾಳೆ. ನಾನು ಹೀಗೆ ಲೆಕ್ಕ ಹಾಕಿದೆ. ಹತ್ತಿರದವರಿಗೆ ನಾವು ಮಾಡುವ ಅನ್ಯಾಯವೆಲ್ಲ ಇದೇ ಲೆಕ್ಕದಿಂದ ಆಗುತ್ತದೋ ಏನೋ.

ಮರುದಿನ ಬೆಳಿಗ್ಗೆ ಅವರು ಮಠಕ್ಕೆ ಹೋಗಿ ಬರ್ತೀನಿ ಎಂದರು. ನಾನು ಟೈಲರ್ ಹತ್ತಿರ ರವಿಕೆ ತರಬೇಕು ಎಂದೆ. ಅವರ ಬಸ್ಸು ಹೊರಟಿರಬಹುದು ಎನ್ನುವಷ್ಟು ಹೊತ್ತು ಕಾದು, ಆಟೋ ಹಿಡಿದು ಸತ್ಯಮಂಗಲಕ್ಕೆ ಹೋದೆ.

ಕ್ಯಾಂಟೀನಿನ ಹಿಂಬಾಗಿಲಲ್ಲಿ ಇಂಪನಾ ಈರುಳ್ಳಿ ಹೆಚ್ಚುತ್ತಿದ್ದಳು. ನನ್ನನ್ನು ಕಂಡು, "ಅಮ್ಮ ಬಂದ್ರು ನೋಡ್ರಿ!" ಎಂದು ಗಂಡನನ್ನು ಕೂಗಿದಳು. ಲಕ್ಷ್ಮೀಕಾಂತ್ ಕುರ್ಚಿ ಒರೆಸಿ ಹಾಕಿದ. ನಾನು ವಿಷಯ ಹೇಳಿದೆ. ಯಜಮಾನರು ನನಗಿಂತ ಮೊದಲು ಮಾತು ಕೊಟ್ಟುಬಿಟ್ಟಿದ್ದಾರೆ, ನೀನು ನನ್ನ ಮಾತನ್ನು ಬಿಟ್ಟುಕೊಡಬೇಕು ಎಂದೆ.

ಅವಳು ಚಾಕು ಕೆಳಗಿಟ್ಟಳು. ಕಣ್ಣಿನಲ್ಲಿ ನೀರಿತ್ತು, ಈರುಳ್ಳಿಯದೆಂದು ಇಬ್ಬರೂ ಅಂದುಕೊಂಡೆವು. "ಅಂಕಲ್ ಮೊದ್ಲು ಕೊಟ್ಟಿದ್ರೆ ಅವ್ರದೇ ಅಲ್ವಾ ಅಮ್ಮಾ" ಎಂದಳು. ಅಷ್ಟೇ. ಲಕ್ಷ್ಮೀಕಾಂತ್ ಏನೋ ಹೇಳಲು ಬಾಯಿ ತೆರೆದ. ಅವಳು ಅವನತ್ತ ನೋಡಿದಳು, ಅವನು ಒಳಗೆ ಹೋದ.

ನನಗೆ ಕಾಫಿ ಕೊಟ್ಟಳು. ಲೋಟ ಬಿಸಿಯೆಂದು ಅದಕ್ಕೆ ಬಟ್ಟೆ ಸುತ್ತಿ ಕೊಟ್ಟಳು. ಹೊರಡುವಾಗ ಆಟೋವರೆಗೂ ಬಂದು ಡ್ರೈವರಿಗೆ, "ಹಂಪ್ ಹತ್ರ ನಿಧಾನ ಹೋಗಣ್ಣ, ಅಮ್ಮಂಗೆ ಸೊಂಟ ನೋವು" ಎಂದಳು. ಆ ಹುಡುಗಿ ನನ್ನನ್ನು ಬೈದಿದ್ದರೆ ನಾನು ಮನೆಗೆ ಹೋಗಿ ಊಟ ಮಾಡುತ್ತಿದ್ದೆ.

ಯಜಮಾನರು ಸಂಜೆ ಹೊತ್ತಿಗೆ ಬಂದರು. ಮಠಕ್ಕೆ ಹೋದವರ ಹಣೆಯಲ್ಲಿ ವಿಭೂತಿ ಇರಲಿಲ್ಲ. ಚಪ್ಪಲಿಯ ತುಂಬ ಕೆಂಪು ಧೂಳು. ಆದರೆ ಮುಖ ಹಗುರವಾಗಿತ್ತು.

"ಲಿಂಗಮ್ಮ, ಚಿಂತೆ ಬಿಡು. ಕುಣಿಗಲ್‌ಗೆ ಹೋಗಿದ್ದೆ. ನಿನ್ನ ಮಾತು ಉಳೀತು. ಇಂಪನಾಗೆ ಕೊಡು."

ನಾನು ಅಲ್ಲೇ ಕೂತೆ.

"ಏನ್ ಮಾಡಿದ್ರೀ ನೀವು?"

"ದೊಡ್ಡರಂಗಯ್ಯನ್ನ ಕೇಳ್ಕೊಂಡೆ, ಮಾತು ವಾಪಸ್ ಕೊಡಿ ಅಂತ. ಅವ್ರು ನಕ್ರು. ಹೆಂಡ್ತಿ ಮಾತು ಉಳಿಸೋಕೆ ಇಷ್ಟು ದೂರ ಬಸ್ಸಲ್ಲಿ ಬಂದ ಗಂಡಸಿನ ಹತ್ರ ಕಂಡಕ್ಟರ್ ಟಿಕೆಟ್ ದುಡ್ಡೇ ತಗೋಬಾರ್ದಿತ್ತು ಅಂದ್ರು. ಊಟಾನೂ ಹಾಕಿದ್ರು. ಸರಿ ಬಿಡಿ ಸ್ವಾಮಿ ಅಂತ ಬಿಟ್ಕೊಟ್ರು." ಆಮೇಲೆ ನನ್ನ ಮುಖ ನೋಡಿದರು. "ಯಾಕೆ?"

"ನಾನು ಇಂಪನಾ ಹತ್ರ ಹೋಗಿ ಬಿಟ್ಕೊಡು ಅಂತ ಹೇಳಿ ಬಂದೆ."

"ಯಾಕೆ?"

"ನಿಮ್ಮ ಮಾತು ಉಳೀಲಿ ಅಂತ!"

ಬಾಗಿಲಲ್ಲಿ ಅಕ್ಷತಾ ನಿಂತಿದ್ದಳು. ಬ್ಯಾಂಕಿನಿಂದ ಬಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬ್ಯಾಗನ್ನು ಸೋಫಾದ ಮೇಲೆ ಎಸೆದು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿನ್ನೆ ಒಂದು ತೋಟಕ್ಕೆ ಇಬ್ರು, ಇವತ್ತು ಯಾರೂ ಇಲ್ಲ! ಅಪ್ಪಾಜಿ, ಫೋನ್ ಅಂತ ಒಂದು ಐತಲ್ಲ, ಅದ್ಯಾಕೆ ಕೊಡಿಸಿದ್ದು ನಾನು? ಒಬ್ರಿಗೊಬ್ರು ಫೋನ್ ಮಾಡೋಕಾಗಲ್ವಾ?"

"ಒಂದೇ ಮನೇಲಿರೋರು ಫೋನ್ ಮಾಡ್ತಾರೇನೇ" ಎಂದರು ಇವರು, ಸ್ವಲ್ಪ ನಾಚಿ.

ಅವಳು ನಗುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಅಮ್ಮ, ಇಂಪನಾ ಏನಂದ್ಲು?"

ಕಾಫಿ ಲೋಟಕ್ಕೆ ಬಟ್ಟೆ ಸುತ್ತಿದ್ದನ್ನು ಹೇಳಿದೆ. ಹಂಪ್ ವಿಷಯ ಹೇಳಲು ನನಗೆ ಆಗಲಿಲ್ಲ. ಯಜಮಾನರು ಎದ್ದು ಹೋಗಿ ನನಗೆ ನೀರು ತಂದುಕೊಟ್ಟರು. ಪಕ್ಕದಲ್ಲಿದ್ದ ಸ್ಟೂಲು ಅವರಿಗೆ ಕಾಣಲಿಲ್ಲ, ಎಡವಿ ಅರ್ಧ ಚೆಲ್ಲಿದರು.

ದೊಡ್ಡರಂಗಯ್ಯನವರಿಗೆ ಮೊದಲು ಹೇಳುವುದು ನ್ಯಾಯ ಎಂದು ಇಬ್ಬರಿಗೂ ಅನಿಸಿತು. ಅವರು ಬಿಟ್ಟುಕೊಟ್ಟದ್ದು ಇಂಪನಾಗೆಂದು. ಇಂಪನಾಗೆ ನಾವೇ ಇಲ್ಲವೆಂದು ಹೇಳಿ ಬಂದಿದ್ದೇವೆ ಎನ್ನುವುದು ಅವರಿಗೆ ಗೊತ್ತಾಗಬೇಕು. ಅಕ್ಷತಾ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಇವರು ಆದದ್ದನ್ನೆಲ್ಲ ಹೇಳಿ, "ನಿಮಗೆ ಬೇಕು ಅಂದ್ರೆ ಹೇಳಿ ಸ್ವಾಮಿ" ಎಂದರು.

 ಅತ್ತ ಕಡೆಯಿಂದ ನಗು ಕೇಳಿಸಿತು.

"ಬುಡಿ ಅಡವಿಯಪ್ನೋರೆ. ನೀವು ಬಸ್ ಹತ್ತುತ್ಲೂ ಗುಬ್ಬಿ ನಮ್ ಬೀಗರು ಫೋನ್ ಮಾಡಿದ್ರು. ಅವ್ರ ಪಕ್ಕದ್ದೇ ಒಂದು ತುಂಡು ಐತಂತೆ. ಹೂಂ ಅಂದ್ಬುಟ್ಟೆ. ನಿಮ್ ತರ ಇವತ್ತು ಕೊಟ್ಟು ನಾಳೆ ಕಿತ್ಕೊಳ್ಳೋ ಸರ್ವೀಸು ನಮ್ದಲ್ಲ. ಆ ಹೆಣ್ಮಗಳ ಹತ್ರ ಹೋಗಿ. ಈ ಸಲ ಇಬ್ರೂ ಒಂದೇ ಬಸ್ಸಲ್ಲಿ ಹೋಗಿ!"

ಬೀಗರ ಪಕ್ಕದ ಆ ತುಂಡು ನೆಲ ನಿಜವಾಗಿ ಇತ್ತೋ ಇಲ್ಲವೋ ನಾನು ಕೇಳಲಿಲ್ಲ. ಅವರೂ ಆಮೇಲೆ ಅದರ ಸುದ್ದಿ ಎತ್ತಲಿಲ್ಲ.

ಇನ್ನು ಉಳಿದದ್ದು ಇಂಪನಾ. ನಾನು ಹೋಗಿ ಕೇಳಿದರೆ ಅವಳು ಒಪ್ಪಿಕೊಂಡಾಳು ಎಂಬ ಧೈರ್ಯ ನನಗಿರಲಿಲ್ಲ. ಕೊಟ್ಟದ್ದನ್ನು ಕಿತ್ತುಕೊಂಡು, ಬೇರೆಯವರು ಬೇಡ ಎಂದ ಮೇಲೆ ಮತ್ತೆ ಹಿಡಿದು ಬಂದರೆ ಯಾರಿಗಾದರೂ ಎಂಜಲಿನ ಹಾಗೆ ಅನ್ನಿಸುವುದಿಲ್ಲವೇ? ಅವಳು ಇಲ್ಲ ಎಂದರೆ ತೋಟಕ್ಕೆ ಬೇರೆ ಯಾರಾದರೂ ಬಂದಾರು. ಆದರೆ ಅವಳು ಮತ್ತೆ ನಮ್ಮ ಮನೆಗೆ ಬರುವುದಿಲ್ಲ. ಬೆಳಗಿನ ತನಕ ಮನಸ್ಸಿನಲ್ಲಿ ಮಾತು ಜೋಡಿಸಿದೆ, ಒಂದೂ ನಿಲ್ಲಲಿಲ್ಲ.

ಮರುದಿನ ಆಟೋದಲ್ಲಿ ಯಜಮಾನರು ಕೇಳಿದರು, "ಯಾರು ಹೇಳೋದು? ನಾನಾ, ನೀನಾ?" ಇಷ್ಟು ವರ್ಷದಲ್ಲಿ ಅವರು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ನಾನೇ ಹೇಳ್ತೀನಿ, ಕಿತ್ತುಕೊಂಡವಳು ನಾನು ಎಂದೆ. "ನಾನು ಪಕ್ಕದಲ್ಲಿರ್ತೀನಿ" ಎಂದರು. "ಪಕ್ಕದಲ್ಲಿ ಇದ್ರೆ ನಿಮಗೆ ನಾನು ಕಾಣಲ್ಲ, ಎದುರಿಗೆ ನಿಂತ್ಕೊಳಿ" ಎಂದೆ. ಇಬ್ಬರಿಗೂ ನಗು ಬಂತು. ಆಟೋದವನು ಕನ್ನಡಿಯಲ್ಲಿ ನೋಡಿದ.

ನಾವು ಹೋದದ್ದು ಹೊತ್ತಲ್ಲದ ಹೊತ್ತಿನಲ್ಲಿ. ಶಿಫ್ಟಿನ ಊಟಕ್ಕೆ ಸೈರನ್ ಆಗುವ ಸಮಯ. ಬಡಿಸುವ ಇಬ್ಬರಲ್ಲಿ ಒಬ್ಬಳು ರಜೆ. ಇಂಪನಾ ಅನ್ನದ ಪಾತ್ರೆಯನ್ನು ಒಬ್ಬಳೇ ಎಳೆಯುತ್ತಿದ್ದಳು. ನಮ್ಮನ್ನು ಕಂಡಳು, ಮತ್ತೆ ಪಾತ್ರೆಗೇ ಕೈ ಹಾಕಿದಳು.

ನಾನು ನಿಂತಲ್ಲೇ ಹೇಳಿದೆ. ನಾನು ಅವರ ಮಾತು ಉಳಿಸಲು ಹೋದೆ, ಅವರು ನನ್ನ ಮಾತು ಉಳಿಸಲು ಹೋದರು. ದೊಡ್ಡರಂಗಯ್ಯನವರು ಬೇಡ ಎಂದಿದ್ದಾರೆ, ಅದನ್ನೂ ಮುಚ್ಚಿಡುವುದಿಲ್ಲ. "ಅವರು ಬೇಡ ಅಂದ್ರು ಅಂತ ನಿನ್ನ ಹತ್ರ ಬಂದಿಲ್ಲ ಕಣೇ. ನಿನ್ನೆ ನಿನ್ನ ಹತ್ರ ಬಂದದ್ದೇ ತಪ್ಪು. ನೀನು ತಡ್ಕೋತೀಯ ಅಂತ ಬಂದೆ. ತಡ್ಕೊಳ್ಳೋರಿಗೇ ಹೇಳಬಾರದಿತ್ತು. ನಿನಗೆ ಬೇಡ ಅನ್ನಿಸಿದ್ರೆ ಬೇಡ ಅನ್ನು. ನಾವು ಬೇಜಾರು ಮಾಡ್ಕೊಳ್ಳಲ್ಲ."

ಲಕ್ಷ್ಮೀಕಾಂತ್ ಸಾರಿನ ಬಕೆಟ್ ಹಿಡಿದು ನಿಂತೇ ಇದ್ದ. "ಅಮ್ಮಾ, ಇವ್ಳು ನಿನ್ನೆ ರಾತ್ರಿ ಊಟಾನೇ—"

"ನೀವು ಸುಮ್ನಿರ್ರಿ" ಎಂದಳು ಇಂಪನಾ. ಸೈರನ್ ಕೂಗಿತು. ನೀಲಿ ಅಂಗಿಯ ಜನ ನುಗ್ಗಿದರು. "ಈಗ ನನಗೆ ಟೈಮಿಲ್ಲ ಅಮ್ಮಾ" ಎಂದು ಬೆನ್ನು ತಿರುಗಿಸಿದಳು.

ಹಾಗೆ ನಿಂತು ನೋಡಲು ನನಗಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಪಲ್ಯದ ಪಾತ್ರೆ ಎತ್ತಿಕೊಂಡೆ. ಯಜಮಾನರು ಸಾರಿನ ಬಕೆಟ್ಟಿಗೆ ಕೈ ಹಾಕಿದರು. ಮೊದಲ ಸೌಟೇ ತಟ್ಟೆಯ ಪಕ್ಕಕ್ಕೆ ಬಿತ್ತು. ಕೂತಿದ್ದ ಹುಡುಗ ತೊಡೆ ಸರಿಸಿಕೊಂಡು, "ಪರವಾಗಿಲ್ಲ ತಾತ, ಟೇಬಲ್‌ಗೂ ಹಸಿವಾಗಿರುತ್ತೆ" ಎಂದ.

ಇಂಪನಾ ಆ ತುದಿಯಿಂದ ನೋಡಿದಳು. ಸರಸರನೆ ಬಂದು ಅವರ ಕೈಯಿಂದ ಬಕೆಟ್ ತೆಗೆದುಕೊಂಡು ಹಪ್ಪಳದ ಬುಟ್ಟಿ ಕೊಟ್ಟಳು. "ಅಂಕಲ್, ಇದು ಚೆಲ್ಲಲ್ಲ." ಅವರು ಬುಟ್ಟಿ ಎದೆಗೆ ಹಿಡಿದು ಸಾಲಿನುದ್ದಕ್ಕೂ ಹೊರಟರು. ಬೇಡ ಎಂದವರಿಗೂ ಎರಡು ಹಾಕಿದರು.

ನಾನು ಪಲ್ಯ ಬಡಿಸುತ್ತಿದ್ದೆ. ಮನೆಯ ಅಭ್ಯಾಸ, ಸಾಕೇ, ಇನ್ನೊಂದಿಷ್ಟು ಹಾಕಲೇ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದೆ. ಅರ್ಧ ಸಾಲೂ ಮುಗಿದಿರಲಿಲ್ಲ. ಬಾಗಿಲಲ್ಲಿ ಇನ್ನೂ ಜನ ನಿಂತಿದ್ದರು. ಹಿಂದಿನಿಂದ ಇಂಪನಾಳ ದನಿ ಬಂತು, ಇಡೀ ಕ್ಯಾಂಟೀನಿಗೆ ಕೇಳಿಸುವಂತೆ.

"ಅಮ್ಮಾ! ಹಿಂಗೆ ಒಬ್ಬೊಬ್ರ ಯೋಗಕ್ಷೇಮ ಕೇಳ್ಕೊಂಡು ಬಡ್ಸಿದ್ರೆ, ನಮ್ ತೋಟದಲ್ಲಿ ಎರಡನೇ ಪಂಕ್ತಿ ಕೂರೋ ಹೊತ್ಗೆ ಕತ್ಲಾಗ್ತದೆ!"

‘ನಮ್ ತೋಟ’ ಎಂದದ್ದು ಕೇಳಿ ನಾನು ಸೌಟು ಹಿಡಿದು ನಿಂತುಬಿಟ್ಟೆ. ಅವಳು ನನ್ನತ್ತ ನೋಡುತ್ತಿರಲಿಲ್ಲ, ಅನ್ನ ಮಗುಚುತ್ತಿದ್ದಳು. ಲಕ್ಷ್ಮೀಕಾಂತ್ ಮಾತ್ರ ಬಾಯಿ ತುಂಬ ನಗುತ್ತಿದ್ದ.

ಎದುರಿನ ಸಾಲಿನಿಂದ ಯಜಮಾನರು ಹಪ್ಪಳದ ಬುಟ್ಟಿಯ ಮೇಲಿಂದ ಕತ್ತು ಚಾಚಿ, "ಏನಂದ್ಲೇ? ಏನಂದ್ಲು?" ಎಂದು ಕೇಳಿದರು.

"ಬೇಗ ಬೇಗ ಬಡ್ಸಿ ಅಂದ್ಲು, ನಡೀರಿ" ಎಂದೆ.